ನಮ್ಮ ಸೀಮೆಯ ರಸಾಯನ ವಿದ್ಯೆ

ಹುಬ್ಬಳ್ಳಿಯಿಂದ ಹರಿಹರದ ಕಡೆಗೆ ರೈಲಿನಲ್ಲಿ ಹೊರಟವರಿಗೆ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರುಗಳು ಒಂದರ ಹಿಂದೊಂದು ಎದುರಾಗುತ್ತವೆ. ಹಾವೇರಿಯೆಂದರೆ ಏಲಕ್ಕಿಯ ಹಾರ. ಬ್ಯಾಡಗಿಯೆಂದರೆ ಕೆಂಪು ಮೆಣಸಿನಕಾಯಿ. ರಾಣೇಬೆನ್ನೂರೆಂದರೆ ಹತ್ತಿ, ಬಿತ್ತನೆಯ ಬೀಜ, ಕೃಷ್ಣಮೃಗ. ಈ ಮೂರು ಊರುಗಳ ಹೆಸರು ಹೇಳಿದಾಗ ರಸಾಯನಶಾಸ್ತ್ರವನ್ನು ನೆನೆಯುವವರು ಯಾರೂ ಇರಲಾರರು. ಆದರೂ ಇಂದು ಈ ಸೀಮೆಯ ನೂರಾರು ಮಕ್ಕಳು ಪ್ರತಿವರ್ಷ ಪದವಿಯ ಮೊದಲ ತರಗತಿಗೆ ಸೇರಿ, ಬಿಳಿಯ ನಿಲುವಂಗಿ ತೊಟ್ಟು, ಕೈಯಲ್ಲಿ ಗಾಜಿನ ನಳಿಗೆ ಹಿಡಿದು, ಸಾಮಾನ್ಯ ಹಾಗೂ ನಿರವಯವ ರಸಾಯನಶಾಸ್ತ್ರದ ಮೊದಲ ಪಾಠಗಳನ್ನು ಕಲಿಯುತ್ತಾರೆ. ಈ ವಿದ್ಯೆ ನಮ್ಮಲ್ಲಿಗೆ ಯಾವ ದಾರಿಯಿಂದ ಬಂತು, ಬರುವಾಗ ಏನನ್ನು ತಂದಿತು, ಯಾವುದನ್ನು ದಾರಿಯಲ್ಲಿಯೇ ಬಿಟ್ಟುಬಂದಿತು ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಕನ್ನಡ ಕಲಿಸುವ ಪಂಡಿತನಿಗೆ ಈ ಉಸಾಬರಿ ಏಕೆ ಎಂದು ಯಾರಾದರೂ ಕೇಳಬಹುದು. ಉತ್ತರವನ್ನು ಮುಂದೆ ಹೇಳುತ್ತೇನೆ. ಮೊದಲು ಹಳೆಯ ಕಾಲದ ಸಂಗತಿ.

ಪದಾರ್ಥಗಳ ಗುಣವನ್ನು ಅರಿತು ಬಳಸುವುದು ನಮ್ಮವರಿಗೆ ಹೊಸದಾಗಿರಲಿಲ್ಲ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ, ಸುಮಾರು 1025ರ ಹೊತ್ತಿಗೆ, ಚಾವುಂಡರಾಯನೆಂಬ ಕವಿ ‘ಲೋಕೋಪಕಾರ’ವೆಂಬ ಗ್ರಂಥವನ್ನು ಬರೆದನು. ಅಡುಗೆ, ಸುಗಂಧದ್ರವ್ಯ, ಗಿಡಗಳ ಪೋಷಣೆ, ನೆಲದಡಿಯ ನೀರನ್ನು ಕಂಡುಹಿಡಿಯುವ ಬಗೆ ಮೊದಲಾದ ದಿನಬಳಕೆಯ ವಿದ್ಯೆಗಳೆಲ್ಲ ಅದರಲ್ಲಿ ಕನ್ನಡದಲ್ಲಿಯೇ ಇವೆ. ಹದಿನಾಲ್ಕನೆಯ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷ ಮತ್ತು ಅದರ ಚಿಕಿತ್ಸೆಗಳನ್ನು ವಿವರಿಸಿದನು. ಇವುಗಳನ್ನು ಇಂದಿನ ಅರ್ಥದ ರಸಾಯನಶಾಸ್ತ್ರವೆಂದು ಹೇಳುವುದು ಅತಿಶಯೋಕ್ತಿಯಾದೀತು. ಆದರೆ ವಸ್ತುವಿದ್ಯೆಯನ್ನು ಕನ್ನಡದಲ್ಲಿ ಹೇಳಲಾಗದು ಎಂಬ ಮಾತಿಗೆ ಇವು ಸಾವಿರ ವರ್ಷ ಹಳೆಯ ಉತ್ತರಗಳು.

ಗ್ರಂಥಕ್ಕೆ ಏರದ ವಿದ್ಯೆ ಇನ್ನೂ ಹೆಚ್ಚು. ಹಾವೇರಿಯ ಸಿದ್ಧೇಶ್ವರ ದೇವಾಲಯದ ಶಿಲ್ಪಿಗಳು ಬಳಪದ ಕಲ್ಲಿನ ಮೆದುತನವನ್ನು ಬಲ್ಲವರು. ಗಣಿಯಿಂದ ತೆಗೆದಾಗ ಉಳಿಗೆ ಸುಲಭವಾಗಿ ಬಾಗುವ ಈ ಕಲ್ಲಿನಲ್ಲಿ ಮೆಗ್ನೀಸಿಯಂ ಮತ್ತು ಸಿಲಿಕಾನ್ ಸೇರಿದ ಖನಿಜಗಳಿವೆಯೆಂದು ಅವರಿಗೆ ತಿಳಿದಿರಲಿಲ್ಲ. ತಿಳಿಯಬೇಕಾದದ್ದು ಅವರ ಕೈಗೆ ತಿಳಿದಿತ್ತು. ಮಲೆನಾಡಿನ ಏಲಕ್ಕಿಯನ್ನು ಹಾವೇರಿಗೆ ತಂದು, ಇಲ್ಲಿಯ ಬಾವಿಯ ನೀರಿನಲ್ಲಿ ತೊಳೆದು, ಬಿಳುಪೇರಿಸಿ, ಹೊರನಾಡಿಗೆ ಕಳಿಸುವ ವ್ಯಾಪಾರ ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡದಾಗಿತ್ತು. ತೊಳೆಯಲು ಅಂಟುವಾಳಕಾಯಿಯ ನೊರೆನೀರನ್ನು ಬಳಸುತ್ತಿದ್ದರು. ಇಂದು ಊರಿಗೆ ಹೆಸರು ತಂದಿರುವ ಏಲಕ್ಕಿಯ ಹಾರದ ಹಿಂದೆ ಆ ತೊಳೆಯುವವರ ಕೈಗಳ ಅನುಭವವಿದೆ.

ಮನೆಯೊಳಗೆ ಬಂದರೂ ಹಾಗೆಯೇ. ಅರಿಸಿನದ ನೀರಿಗೆ ಚಿಟಿಕೆ ಸುಣ್ಣ ಬೆರೆಸಿದರೆ ಅದು ಕೆಂಪಾಗುತ್ತದೆ. ಮದುಮಕ್ಕಳಿಗೆ ಎತ್ತುವ ಆರತಿಯ ಓಕುಳಿ ಅದೇ. ಆ ಕೆಂಪು ನೀರಿಗೆ ನಿಂಬೆಯ ಹುಳಿ ಹಿಂಡಿದರೆ ಮತ್ತೆ ಹಳದಿಯಾಗುತ್ತದೆ. ಕ್ಷಾರ ಯಾವುದು, ಆಮ್ಲ ಯಾವುದು ಎಂಬುದನ್ನು ಬಣ್ಣದಿಂದ ತೋರಿಸುವ ವಸ್ತುವಿಗೆ ಪ್ರಯೋಗಶಾಲೆಯಲ್ಲಿ ಸೂಚಕವೆನ್ನುತ್ತಾರೆ. ನಮ್ಮ ಅಜ್ಜಿಯರ ಆರತಿಯ ತಟ್ಟೆಯಲ್ಲಿ ಸೂಚಕವಿತ್ತು. ತಾಮ್ರ ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕುವವನು ಕಾದ ಪಾತ್ರೆಯ ಒಳಮೈಗೆ ನವಸಾಗರ ಉಜ್ಜಿದಾಗ ಬಿಳಿಯ ಹೊಗೆ ಏಳುತ್ತಿತ್ತು. ನವಸಾಗರವೆಂದರೆ ಅಮೋನಿಯಂ ಕ್ಲೋರೈಡು. ಕಾವಿಗೆ ಅದು ಒಡೆದು, ಲೋಹದ ಮೇಲಿನ ಕಿಲುಬನ್ನು ಬಿಡಿಸುತ್ತದೆ. ಶುದ್ಧವಾದ ಮೈಗೆ ತವರ ಹತ್ತುತ್ತದೆ. ಪೆಟ್ಲುಪ್ಪು, ಮೈಲುತುತ್ತ, ಪಟಿಕ, ಗಂಧಕ, ಬಿಳಿಗಾರ, ಮಡಿವಾಳರ ಸವಳು ಇವೆಲ್ಲ ಸಂತೆಯಲ್ಲಿ, ಕೆರೆಯಂಗಳದಲ್ಲಿ ದೊರೆಯುತ್ತಿದ್ದ ನಿರವಯವ ಲವಣಗಳು ಮತ್ತು ಧಾತುಗಳೇ. ಕಾಲೇಜಿನ ಕಪಾಟಿನಲ್ಲಿ ಬಾಟಲಿಯೊಳಗೆ ಬೇರೆ ಹೆಸರಿನಲ್ಲಿ ಕುಳಿತಾಗ ಮಾತ್ರ ಅವು ಅಪರಿಚಿತವಾಗಿ ಕಾಣುತ್ತವೆ.

ಹಾಗಾದರೆ ಹೊಸ ರಸಾಯನಶಾಸ್ತ್ರ ತಂದುದೇನು? ಒಂದೇ ಮಾತಿನಲ್ಲಿ ಹೇಳುವುದಾದರೆ, ತಕ್ಕಡಿ. ಫ್ರಾನ್ಸಿನ ಲಾವಾಸಿಯೇ 1789ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿ, ಅಂದಿಗೆ ತಿಳಿದಿದ್ದ 33 ಮೂಲವಸ್ತುಗಳ ಪಟ್ಟಿಯನ್ನು ಕೊಟ್ಟನು. ವಸ್ತುಗಳು ರೂಪ ಬದಲಿಸಿದರೂ ಒಟ್ಟು ತೂಕ ಬದಲಾಗದೆಂಬುದನ್ನು ಅವನು ತೂಗಿ ತೋರಿಸಿದನು. ಇಂಗ್ಲೆಂಡಿನ ಶಾಲಾಮಾಸ್ತರ ಜಾನ್ ಡಾಲ್ಟನ್ 1808ರಲ್ಲಿ ಪರಮಾಣುಗಳ ತೂಕದ ಲೆಕ್ಕದಿಂದ ಈ ನಿಯಮಗಳನ್ನು ವಿವರಿಸಿದನು. ನಮ್ಮ ಸುಣ್ಣದ ಭಟ್ಟಿಯವರು ಸುಣ್ಣಕಲ್ಲನ್ನು ಸುಟ್ಟರೆ ಅದು ಹಗುರಾಗುವುದೆಂದು ಬಲ್ಲವರಾಗಿದ್ದರು. ಎಷ್ಟು ಹಗುರಾಗುತ್ತದೆ, ಏಕೆ ಹಗುರಾಗುತ್ತದೆ ಎಂಬುದನ್ನು ಹೊಸ ಶಾಸ್ತ್ರ ಹೇಳಿತು: 100 ಕಿಲೋ ಶುದ್ಧ ಸುಣ್ಣಕಲ್ಲು ಪೂರ್ಣವಾಗಿ ಸುಟ್ಟರೆ 56 ಕಿಲೋ ಸುಟ್ಟ ಸುಣ್ಣ ಉಳಿಯುತ್ತದೆ; 44 ಕಿಲೋ ಇಂಗಾಲದ ಡೈಆಕ್ಸೈಡಾಗಿ ಗಾಳಿಗೆ ಸೇರುತ್ತದೆ. ಭಟ್ಟಿ ಬ್ಯಾಡಗಿಯಲ್ಲಿರಲಿ, ಬರ್ಲಿನ್ನಿನಲ್ಲಿರಲಿ, ಲೆಕ್ಕ ಒಂದೇ. ಅನುಭವವು ಗುರುವಿನ ಕೈಯಿಂದ ಶಿಷ್ಯನ ಕೈಗೆ ಹೋಗುತ್ತದೆ. ಲೆಕ್ಕವು ಎಲ್ಲರ ಕೈಗೂ ಹೋಗುತ್ತದೆ. ಹಳೆಯದಕ್ಕೂ ಹೊಸದಕ್ಕೂ ಇರುವ ನಿಜವಾದ ಅಂತರ ಇದು.

ರಷ್ಯದ ಮೆಂಡಲೀವನು 1869ರಲ್ಲಿ ಮೂಲವಸ್ತುಗಳನ್ನು ಪರಮಾಣು ತೂಕದ ಕ್ರಮದಲ್ಲಿ ಜೋಡಿಸಿ ಆವರ್ತಕೋಷ್ಟಕವನ್ನು ರಚಿಸಿದಾಗ ನಡೆದ ಒಂದು ಸಂಗತಿ ಪಂಡಿತರಿಗೂ ಪ್ರಿಯವಾದುದು. ಕೋಷ್ಟಕದಲ್ಲಿ ಕೆಲವು ಮನೆಗಳು ಬರಿದಾಗಿ ಉಳಿದವು. ಅಲ್ಲಿಗೆ ಬರಬೇಕಾದ ವಸ್ತುಗಳು ಇನ್ನೂ ಸಿಕ್ಕಿಲ್ಲವೆಂದು ಅವನು ಧೈರ್ಯದಿಂದ ಹೇಳಿ, ಅವುಗಳಿಗೆ ಏಕ-ಬೋರಾನ್, ಏಕ-ಅಲ್ಯೂಮಿನಿಯಂ, ಏಕ-ಸಿಲಿಕಾನ್ ಎಂದು ಹೆಸರಿಟ್ಟನು. ಆ ‘ಏಕ’ ನಮ್ಮ ಸಂಸ್ಕೃತದ ಏಕವೇ. 1875ರಲ್ಲಿ ಗ್ಯಾಲಿಯಂ, 1879ರಲ್ಲಿ ಸ್ಕ್ಯಾಂಡಿಯಂ, 1886ರಲ್ಲಿ ಜರ್ಮೇನಿಯಂ ಸಿಕ್ಕಿ, ಬರಿದಾದ ಮನೆಗಳು ತುಂಬಿದವು. ಏಕ-ಸಿಲಿಕಾನಿನ ಪರಮಾಣು ತೂಕ 72 ಇರಬೇಕೆಂದು ಅವನು ಹೇಳಿದ್ದನು. ಸಿಕ್ಕ ಜರ್ಮೇನಿಯಮ್ಮಿನ ತೂಕ 72ಕ್ಕಿಂತ ತುಸುವೇ ಹೆಚ್ಚು. ಈಗ ಕೋಷ್ಟಕದಲ್ಲಿ 118 ಮೂಲವಸ್ತುಗಳಿವೆ.

ಈ ಹೊಸ ವಿದ್ಯೆ ನಮ್ಮ ಸೀಮೆಗೆ ಬಂದುದು ನಿಧಾನವಾಗಿ. ಧಾರವಾಡ ಜಿಲ್ಲೆ ಆಗ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ನಮ್ಮ ಮೂರೂ ಊರುಗಳು ಆ ಜಿಲ್ಲೆಯವು. ಸಾಲೆಗಳಲ್ಲಿ ಮರಾಠಿಯ ಪ್ರಾಬಲ್ಯವಿದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಸಾಲೆಗಳಿಗಾಗಿ ಶ್ರಮಿಸಿದರು. 1890ರಲ್ಲಿ ರಾ. ಹ. ದೇಶಪಾಂಡೆಯವರು ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘವನ್ನು ಸ್ಥಾಪಿಸಿದರು. ಸಂಘದ ‘ವಾಗ್ಭೂಷಣ’ ಪತ್ರಿಕೆ 1896ರಲ್ಲಿ ಹೊರಟಿತು. ಕನ್ನಡದಲ್ಲಿ ಶಾಸ್ತ್ರೀಯ ವಿಷಯಗಳನ್ನು ಬರೆಯಬೇಕೆಂಬ ಹಂಬಲ ಆಗಲೇ ಹುಟ್ಟಿತ್ತು. ಅತ್ತ ಬೆಂಗಳೂರಿನಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 1918ರಲ್ಲಿ ‘ವಿಜ್ಞಾನ’ವೆಂಬ ಮಾಸಪತ್ರಿಕೆಯನ್ನು ತೆಗೆದರು. ಎರಡು ವರ್ಷ ಮಾತ್ರ ನಡೆದ ಆ ಪತ್ರಿಕೆ, ವಿಜ್ಞಾನದ ಮಾತಿಗೆ ಕನ್ನಡ ಸಾಲದು ಎಂಬ ಅಳುಕನ್ನು ಬಹುಮಟ್ಟಿಗೆ ಕಳೆಯಿತು.

ಆದರೆ ಪತ್ರಿಕೆಯಿಂದ ಪ್ರಯೋಗಶಾಲೆ ಆಗಲಾರದು. 1917ರವರೆಗೆ ಧಾರವಾಡದಲ್ಲಿ ಕಾಲೇಜೇ ಇರಲಿಲ್ಲ. ಮೆಟ್ರಿಕ್ ಆದ ಹುಡುಗ ಓದು ಮುಂದುವರಿಸಬೇಕಾದರೆ ಪುಣೆಗೋ ಮುಂಬಯಿಗೋ ಹೋಗಬೇಕಾಗಿತ್ತು. ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಮೊದಲಾದವರ ಪ್ರಯತ್ನದಿಂದ 1917ರಲ್ಲಿ ಧಾರವಾಡದ ಕರ್ನಾಟಕ ಕಾಲೇಜು ಆರಂಭವಾಯಿತು. ಅದಕ್ಕೆ ದೊರೆತ ಭವ್ಯವಾದ ಕಟ್ಟಡ ಮೊದಲು ಸದರ್ನ್ ಮರಾಠಾ ರೈಲ್ವೆಯ ಕಚೇರಿಯಾಗಿತ್ತು. ರಾಣೇಬೆನ್ನೂರಿನ ಹುಡುಗನು ಆ ರೈಲ್ವೆ ಹಾಕಿದ ಹಳಿಗಳ ಮೇಲೆಯೇ ದೇವರಗುಡ್ಡ, ಬ್ಯಾಡಗಿ, ಹಾವೇರಿ, ಕರಜಗಿಗಳನ್ನು ದಾಟಿ, ಹುಬ್ಬಳ್ಳಿಯನ್ನು ಹಾಯ್ದು, ಅದೇ ರೈಲ್ವೆಯವರ ಹಳೆಯ ಕಚೇರಿಯಲ್ಲಿ ವಿದ್ಯೆ ಕಲಿಯಲು ಇಳಿಯುತ್ತಿದ್ದನು. ಪದವಿ ಮಾತ್ರ ಮುಂಬಯಿ ವಿಶ್ವವಿದ್ಯಾಲಯದ್ದು. 1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಸ್ಥಾಪಿತವಾಗಿ ಧಾರವಾಡದಲ್ಲಿ ನೆಲೆಗೊಂಡಮೇಲೆ ಈ ಪರಾಧೀನತೆ ತಪ್ಪಿತು. 1954ರಿಂದ 1967ರವರೆಗೆ ಕುಲಪತಿಗಳಾಗಿದ್ದ ಡಿ. ಸಿ. ಪಾವಟೆಯವರು ಗಣಿತಜ್ಞರು, ಅವರ ಕಾಲದಲ್ಲಿ ವಿಶ್ವವಿದ್ಯಾಲಯ ಬೆಳೆದು ಹಬ್ಬಿತು.

ಆ ಬಳಿಕ ಪ್ರಯೋಗಶಾಲೆಗಳು ನಮ್ಮ ಊರುಗಳಿಗೇ ನಡೆದುಬಂದವು. 1916ರಲ್ಲಿ ಬೆಳಗಾವಿಯಲ್ಲಿ ಏಳು ಮಂದಿ ಶಿಕ್ಷಕರು ಕಟ್ಟಿದ ಕೆ. ಎಲ್. ಇ. ಸಂಸ್ಥೆ ಹಾವೇರಿಯಲ್ಲಿ ಕಾಲೇಜು ನಡೆಸಿತು. ಹೊಸರಿತ್ತಿಯ ಸ್ವಾತಂತ್ರ್ಯ ಹೋರಾಟಗಾರ ಗುದ್ಲೆಪ್ಪ ಹಳ್ಳಿಕೇರಿಯವರ ಹೆಸರನ್ನು ಅದು ಹೊತ್ತಿದೆ. ರಾಣೇಬೆನ್ನೂರು, ಬ್ಯಾಡಗಿಗಳಲ್ಲಿ ಸ್ಥಳೀಯರು ಕಟ್ಟಿದ ಶಿಕ್ಷಣ ಸಂಸ್ಥೆಗಳು ಕಾಲೇಜುಗಳನ್ನು ತೆರೆದವು. 1997ರಲ್ಲಿ ಹಾವೇರಿ ಪ್ರತ್ಯೇಕ ಜಿಲ್ಲೆಯಾಯಿತು; 2023ರಲ್ಲಿ ಹಾವೇರಿಯ ಹೆಸರಿನದೇ ಒಂದು ವಿಶ್ವವಿದ್ಯಾಲಯ ಆರಂಭವಾಯಿತು. ಒಂದು ಕಾಲಕ್ಕೆ ಪುಣೆಯವರೆಗೆ ಬೆನ್ನಟ್ಟಿ ಹೋಗಬೇಕಾಗಿದ್ದ ವಿದ್ಯೆ ಈಗ ಬಸ್ ನಿಲ್ದಾಣದಿಂದ ನಡೆದು ಮುಟ್ಟುವಷ್ಟು ಹತ್ತಿರ ಬಂದಿದೆ. ದೂರ ಪೂರ್ತಿ ಕಳೆಯಿತೇ ಎಂಬುದು ಬೇರೆ ಪ್ರಶ್ನೆ.

ಆ ಮೊದಲ ವರ್ಷದ ಪ್ರಯೋಗಶಾಲೆಯಲ್ಲಿ ಏನು ನಡೆಯುತ್ತದೆಂಬುದನ್ನು ನೋಡೋಣ. ವಿದ್ಯಾರ್ಥಿಗೆ ಒಂದು ಪುಡಿಯನ್ನು ಕೊಡುತ್ತಾರೆ. ಅದು ಯಾವ ಲವಣವೆಂಬುದನ್ನು ಅವನು ಕಂಡುಹಿಡಿಯಬೇಕು. ಪ್ಲಾಟಿನಂ ತಂತಿಯ ತುದಿಗೆ ತುಸು ಹಚ್ಚಿ ಜ್ವಾಲೆಯಲ್ಲಿ ಹಿಡಿದರೆ ಸೋಡಿಯಂ ಬಂಗಾರದ ಹಳದಿಯನ್ನು, ಕ್ಯಾಲ್ಸಿಯಂ ಇಟ್ಟಿಗೆಯ ಕೆಂಪನ್ನು, ಬೇರಿಯಂ ಎಳೆಹಸಿರನ್ನು ತೋರಿಸುತ್ತವೆ. ಪೊಟ್ಯಾಷಿಯಮ್ಮಿನ ನಸುನೇರಳೆ ಸೋಡಿಯಮ್ಮಿನ ಹಳದಿಯಲ್ಲಿ ಮುಚ್ಚಿಹೋಗುವುದರಿಂದ ಅದನ್ನು ನೀಲಿಯ ಕೋಬಾಲ್ಟ್ ಗಾಜಿನ ಮೂಲಕ ನೋಡಬೇಕು. ಈ ಬಣ್ಣಗಳ ಜಾಡು ಹಿಡಿದೇ ಬುನ್ಸೆನ್ ಮತ್ತು ಕಿರ್ಕಾಫರು 1860ರಲ್ಲಿ ಸೀಸಿಯಮ್ಮನ್ನೂ 1861ರಲ್ಲಿ ರುಬಿಡಿಯಮ್ಮನ್ನೂ ಕಂಡುಹಿಡಿದರು.

ಅನಂತರ ದ್ರಾವಣದ ಪರೀಕ್ಷೆ. ಹೈಡ್ರೊಕ್ಲೋರಿಕ್ ಆಮ್ಲ ಹಾಕಿದಾಗ ಬೆಳ್ಳಿ, ಸೀಸಗಳು ಮೊದಲ ಗುಂಪಿನಲ್ಲಿ ಸಿಕ್ಕಿಬೀಳುತ್ತವೆ. ಮುಂದಿನ ಗುಂಪಿಗೆ ಕಿಪ್ಪನ ಉಪಕರಣದಿಂದ ಹೈಡ್ರೊಜನ್ ಸಲ್ಫೈಡು ಅನಿಲವನ್ನು ಹಾಯಿಸುವುದು ಹಳೆಯ ಪದ್ಧತಿ. ತಾಮ್ರವಿದ್ದರೆ ಕಪ್ಪು, ಕ್ಯಾಡ್ಮಿಯಮ್ಮಿದ್ದರೆ ಹಳದಿ, ಆಂಟಿಮನಿಯಿದ್ದರೆ ಕಿತ್ತಳೆ. ಕೊಳೆತ ತತ್ತಿಯ ನಾತದ ಈ ಅನಿಲ ವಿಷವಾದುದರಿಂದ ಈಗ ಅದರ ಬಳಕೆ ಅನೇಕ ಕಡೆ ಕಡಮೆಯಾಗಿದೆ. ಆದರೆ ಹಳೆಯ ತಲೆಮಾರಿನ ವಿಜ್ಞಾನದ ವಿದ್ಯಾರ್ಥಿಗಳು ಎಲ್ಲಿ ಸೇರಿದರೂ ಆ ನಾತವನ್ನು ನೆನೆದು ನಗುತ್ತಾರೆ.

ಟೈಟ್ರೇಷನ್ ಎಂಬುದು ಇನ್ನೊಂದು. ಬ್ಯುರೆಟ್ಟಿನಿಂದ ಹನಿಹನಿಯಾಗಿ ಕ್ಷಾರವನ್ನು ಆಮ್ಲಕ್ಕೆ ಬಿಡುತ್ತಾರೆ. ಫಿನಾಲ್ಫ್ತಲೀನ್ ಬೆರೆತ ದ್ರಾವಣ ಬಣ್ಣವಿಲ್ಲದೆ ಇದ್ದುದು ಒಂದೇ ಒಂದು ಹನಿಗೆ ತಿಳಿಗುಲಾಬಿಯಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಒಂದು ಹನಿ ಮುಂದೆ ಹೋದರೆ ಲೆಕ್ಕ ಕೆಟ್ಟಿತು. ಭಾಮಿನಿ ಷಟ್ಪದಿಯ ಮೊದಲ ಸಾಲಿಗೆ 14 ಮಾತ್ರೆ; 15 ಆದರೆ ಕಿವಿಗೆ ಗೊತ್ತಾಗುತ್ತದೆ. ಛಂದಸ್ಸು ಕಲಿತವನಿಗೆ ಟೈಟ್ರೇಷನ್ನಿನ ಶಿಸ್ತು ಅಪರಿಚಿತವೇನಲ್ಲ. ಕಣ್ಣಿಗೆ ಕಂಡದ್ದನ್ನು ಬರೆಯಬೇಕು, ಕಾಣಬೇಕೆಂದು ಬಯಸಿದ್ದನ್ನು ಬರೆಯಬಾರದು ಎಂಬ ಪಾಠವನ್ನು ಪ್ರಯೋಗಶಾಲೆಯಷ್ಟು ಚೆನ್ನಾಗಿ ಕಲಿಸುವ ಕೋಣೆ ಬೇರೊಂದಿಲ್ಲ.

ಇನ್ನು, ಮೊದಲೇ ಕೇಳಿದ ಪ್ರಶ್ನೆಗೆ ಬರುತ್ತೇನೆ. ಕೆಲವು ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಳು. ಬ್ಯಾಡಗಿ ತಾಲೂಕಿನ ಹಳ್ಳಿಯ ಹುಡುಗಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿ ವಿಜ್ಞಾನದಲ್ಲಿ ಮೇಲಿನ ಅಂಕ ಪಡೆದವಳು. ಪದವಿಯ ಮೊದಲ ವರ್ಷಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಕಾಲೇಜು ಬಿಡಬೇಕೆಂದು ನಿಶ್ಚಯಿಸಿದ್ದಳು. ಕಾರಣ ಕೇಳಿದರೆ ಪ್ರಯೋಗದ ಜರ್ನಲ್ಲನ್ನು ಮುಂದಿಟ್ಟಳು. ಅಕ್ಷರ ಮುತ್ತಿನಂತಿತ್ತು; ಎಲ್ಲವೂ ಇಂಗ್ಲಿಷ್. “ಎಲ್ಲಾ ಬಾಯಿಪಾಠ ಮಾಡೀನ್ರಿ ಸರ. ಏನೂ ತಿಳಿಯೂದಿಲ್ಲ,” ಎಂದಳು.

ಬೆಳ್ಳಿಯ ಪರೀಕ್ಷೆಯ ಪುಟವಿತ್ತು. ‘ಕರ್ಡಿ ವೈಟ್ ಪ್ರೆಸಿಪಿಟೇಟ್’ ಎಂದು ಬರೆದಿದ್ದಳು. ಇದರ ಅರ್ಥವೇನವ್ವಾ ಎಂದು ಕೇಳಿದೆ. ಅವಳು ನಾಚಿ, ತಲೆ ತಗ್ಗಿಸಿ, “ಕರ್ಡಿ ಅಂದ್ರ ಕರಡಿ ಅಲ್ಲಂತ ಗೊತ್ತೈತ್ರಿ ಸರ. ಮತ್ತೇನಂತ ಗೊತ್ತಿಲ್ಲ,” ಎಂದಳು.

ನನಗೂ ಗೊತ್ತಿರಲಿಲ್ಲ. ನಿಘಂಟು ತೆಗೆದೆವು. ಮೊಸರಿನಂತೆ ಗಟ್ಟಿಗಟ್ಟಿಯಾದ, ಬಿಳಿಯ, ದ್ರಾವಣದಿಂದ ಬೇರೆಯಾಗಿ ತಳಕ್ಕೆ ಇಳಿಯುವ ವಸ್ತು ಎಂದು ತಿಳಿಯಿತು. “ಹಂಗಂದ್ರ ಮೊಸರಿನಂಥಾ ಬಿಳೀ ಗಸಿ,” ಎಂದೆ. ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು: “ಗಸಿ ನನಗ ಗೊತ್ತಿತ್ರಿ ಸರ. ನಳಿಗಿಯೊಳಗ ಕಂಡಿದ್ದೂ ಅದ. ಇದಕ್ಕ ಅದಂತಾರ ಅಂತ ಯಾರೂ ಹೇಳಿರಲಿಲ್ಲ.”

ಅವಳು ಕಂಡಿದ್ದಳು, ಅವಳಿಗೆ ಮಾತೂ ಗೊತ್ತಿತ್ತು. ಕಂಡದ್ದಕ್ಕೂ ಗೊತ್ತಿದ್ದ ಮಾತಿಗೂ ನಡುವೆ ಸೇತುವೆ ಇರಲಿಲ್ಲ. ಕಲಿಸಿದ ಅಧ್ಯಾಪಕರನ್ನು ನಾನು ದೂರುವುದಿಲ್ಲ. ಅವರಿಗೆ ಪಾಠ ಹೇಳಿದವರೂ ಹಾಗೆಯೇ ಹೇಳಿದ್ದರು. ದೂರಬೇಕಾದರೆ ನನ್ನನ್ನೇ ದೂರಬೇಕು. ಐದು ವರ್ಷ ಅವಳಿಗೆ ಕನ್ನಡ ಕಲಿಸಿದವನು ನಾನು. ವಿಭಕ್ತಿ, ಸಮಾಸ, ಅಲಂಕಾರಗಳನ್ನು ಹೇಳಿದೆ. ಗಸಿ, ಚರಟ, ಒಗರು, ಕಿಲುಬು, ಸವಳುಗಳು ಶಾಸ್ತ್ರದ ಮಾತುಗಳೂ ಆಗಬಲ್ಲವೆಂದು ಒಂದು ದಿನವೂ ಹೇಳಲಿಲ್ಲ. ಅಂದಿನಿಂದ ಮೂರು ತಿಂಗಳು ಪ್ರತಿ ಭಾನುವಾರ ಅವಳೂ ನಾನೂ ಅವಳ ಪುಸ್ತಕವನ್ನು ಓದಿದೆವು. ರಸಾಯನವನ್ನು ಅವಳು ನನಗೆ ಹೇಳಿಕೊಟ್ಟಳು. ಮಾತುಗಳ ಮೂಲವನ್ನು ನಾನು ಅವಳಿಗೆ ಹೇಳಿದೆ. ಈ ಲೇಖನದಲ್ಲಿರುವ ರಸಾಯನದಲ್ಲಿ ಹೆಚ್ಚಿನ ಪಾಲು ಹಾಗೆ ಕಲಿತದ್ದು.

ಆ ಭಾನುವಾರಗಳಲ್ಲಿ ಕಂಡ ಕೆಲವು ಸಂಗತಿಗಳನ್ನು ಹೇಳುತ್ತೇನೆ. ಆಕ್ಸಿಜನ್ನಿಗೆ ಕನ್ನಡದಲ್ಲಿ ಆಮ್ಲಜನಕವೆನ್ನುತ್ತೇವೆ. ಎಲ್ಲ ಆಮ್ಲಗಳಲ್ಲಿಯೂ ಈ ವಸ್ತು ಇರಲೇಬೇಕೆಂದು ನಂಬಿ, ಹುಳಿಯನ್ನು ಹುಟ್ಟಿಸುವುದು ಎಂಬ ಅರ್ಥದ ಗ್ರೀಕ್ ಮಾತಿನಿಂದ ಲಾವಾಸಿಯೇ ಇಟ್ಟ ಹೆಸರದು. 1810ರಲ್ಲಿ ಹಂಫ್ರಿ ಡೇವಿ, ಉಪ್ಪಿನಿಂದ ಬರುವ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲವೆಂದು ತೋರಿಸಿದನು. ನಂಬಿಕೆ ಬಿದ್ದುಹೋಯಿತು, ಹೆಸರು ಉಳಿಯಿತು. ಅದನ್ನು ಅನುವಾದಿಸಿದ ನಾವು ತಪ್ಪನ್ನೂ ನಿಷ್ಠೆಯಿಂದ ಅನುವಾದಿಸಿದೆವು. ‘ನಿರವಯವ’ದ ಕಥೆಯೂ ಅಂಥದೇ. ವೇದಾಂತದಲ್ಲಿ ಭಾಗಗಳಿಲ್ಲದ ಬ್ರಹ್ಮಕ್ಕೆ ಹೇಳುವ ಮಾತು ಇಲ್ಲಿ ಕಲ್ಲು, ಲೋಹ, ಲವಣಗಳಿಗೆ ಬಂದಿದೆ. ಜೀವಿಗಳ ಅವಯವಗಳಿಂದ ಮಾತ್ರ ದೊರೆಯುವ ವಸ್ತುಗಳು ಬೇರೆ, ಉಳಿದವು ಬೇರೆ ಎಂದು ಹಿಂದಿನವರು ಭಾವಿಸಿದ್ದರು. 1828ರಲ್ಲಿ ಜರ್ಮನಿಯ ವೋಲರ್, ಮೂತ್ರದಲ್ಲಿರುವ ಯೂರಿಯವನ್ನು ಪ್ರಯೋಗಶಾಲೆಯ ಲವಣದಿಂದಲೇ ಪಡೆದು ಆ ಗೋಡೆಯನ್ನು ಒಡೆದನು. ಹೆಸರುಗಳು ಮಾತ್ರ ಹಾಗೆಯೇ ನಿಂತಿವೆ.

ಪೊಟ್ಯಾಷಿಯಮ್ಮಿನ ಹೆಸರು ಬಂದುದು ಗಡಿಗೆಯ ಬೂದಿ ಎಂಬ ಅರ್ಥದ ಇಂಗ್ಲಿಷ್ ಮಾತಿನಿಂದ. ಅದರ ಸಂಕೇತಕ್ಕೆ ಕಾರಣವಾದ ‘ಕಾಲಿಯಂ’ ಎಂಬ ಲ್ಯಾಟಿನ್ ಹೆಸರಿನ ಬೇರು ಅರಬ್ಬಿಯಲ್ಲಿ, ಬೂದಿ ಎಂಬ ಅರ್ಥದಲ್ಲಿಯೇ ಇದೆ. ಬೂದಿಯ ತಿಳಿನೀರಿನಿಂದ ಬಟ್ಟೆ ಒಗೆದು, ಬೂದಿಯಿಂದ ಪಾತ್ರೆ ಬೆಳಗುತ್ತಿದ್ದ ಮನೆಯ ಮಗಳಿಗೆ ಈ ವಸ್ತುವನ್ನು ಪರಿಚಯಿಸಲು ಇಷ್ಟು ದೂರ ಹೋಗಬೇಕಾಗಿರಲಿಲ್ಲ. ಸಂಕೇತಗಳು ಇಂಗ್ಲಿಷಿನವಲ್ಲ, ಯಾರ ಸ್ವತ್ತೂ ಅಲ್ಲ, ಲೋಕದ ಲಿಪಿ ಎಂದು ತಿಳಿದಾಗ ಅವಳ ಅರ್ಧ ಭಯ ಹೋಯಿತು.

ಇಂಗ್ಲಿಷ್ ಬೇಡವೆಂಬುದು ನನ್ನ ವಾದವಲ್ಲ. ಮುಂದಿನ ಓದಿಗೆ ಅದು ಬೇಕು. ಎಲ್ಲ ಪದಗಳನ್ನೂ ಸಂಸ್ಕೃತದಿಂದ ಕಟ್ಟಬೇಕೆಂಬುದೂ ಅಲ್ಲ. ಗಂಟಲಿಗೆ ಸಿಕ್ಕಿಕೊಳ್ಳುವ ಸಮಾಸಕ್ಕಿಂತ ಬ್ಯುರೆಟ್ ಎಂಬ ಮಾತೇ ಮೇಲು. ಜಗಳೂರಿನಲ್ಲಿ ಹುಟ್ಟಿ, ಮೈಸೂರಿನಲ್ಲಿ ರಸಾಯನಶಾಸ್ತ್ರ ಕಲಿಸಿದ ಜೆ. ಆರ್. ಲಕ್ಷ್ಮಣರಾಯರು ಕನ್ನಡದಲ್ಲಿ ಬರೆದ ‘ಪರಮಾಣು ಚರಿತ್ರೆ’ಯಂಥ ಪುಸ್ತಕಗಳೂ, 1978ರಲ್ಲಿ ಆರಂಭವಾದ ‘ಬಾಲ ವಿಜ್ಞಾನ’ ಪತ್ರಿಕೆಯೂ, ಕ್ಲಿಷ್ಟತೆಯಿಲ್ಲದೆ ವಿಜ್ಞಾನವನ್ನು ಹೇಳಬಹುದೆಂದು ತೋರಿಸಿವೆ. ಬೇಕಾದುದು ಇಷ್ಟೇ: ಹೊಸ ಮಾತು ಬಂದಾಗ, ಕಂಡ ವಸ್ತುವಿನ ಮನೆಯ ಹೆಸರನ್ನು ಒಮ್ಮೆ ಪಕ್ಕದಲ್ಲಿ ಇಡುವುದು.

ಇದು ಪರೀಕ್ಷೆಯ ಅಂಕಗಳ ಮಾತಷ್ಟೇ ಅಲ್ಲ. ನಮ್ಮ ಸೀಮೆಗೆ ಈ ವಿದ್ಯೆಯಿಂದ ಆಗಬೇಕಾದ ಕೆಲಸಗಳಿವೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆಯಿತು. ಅದಕ್ಕೆ ಬೆಲೆ ಬರುವುದು ಖಾರದಿಂದಲ್ಲ, ಬಣ್ಣದಿಂದ. ಆ ಕೆಂಪಿಗೆ ಮುಖ್ಯ ಕಾರಣ ಕ್ಯಾಪ್ಸಾಂತಿನ್; ಅದರ ಒಂದು ಅಣುವಿನಲ್ಲಿ 40 ಇಂಗಾಲದ, 56 ಜಲಜನಕದ, 3 ಆಮ್ಲಜನಕದ ಪರಮಾಣುಗಳಿವೆ. ಬಣ್ಣವನ್ನು ಅಳೆಯುವವನು ದರ ಹೇಳುತ್ತಾನೆ, ಬೆಳೆದವನು ಕೇಳುತ್ತಾನೆ. ಅಳತೆಯ ವಿದ್ಯೆ ಬೆಳೆದವನ ಮನೆಗೂ ಬರಬೇಡವೇ?

ನೀರಿನ ಸಂಗತಿ ಇನ್ನೂ ಗಂಭೀರವಾದುದು. ವರದೆ ಹರಿದುಬಂದು ಗಳಗನಾಥದಲ್ಲಿ ತುಂಗಭದ್ರೆಯನ್ನು ಕೂಡುತ್ತಾಳೆ. ಎರಡು ನದಿಗಳ ನಡುವಿನ ನೆಲ ನಮ್ಮದು. 1980ರ ದಶಕದಲ್ಲಿ ರಾಣೇಬೆನ್ನೂರು ತಾಲೂಕಿನ ನದೀತೀರದ ಜನರು ಕಾರ್ಖಾನೆಯ ಹೊಲಸು ನೀರಿನಿಂದ ತುಂಗಭದ್ರೆ ಕೆಡುತ್ತಿದೆಯೆಂದು ದನಿಯೆತ್ತಿದರು. ನೀರಿನ ಬಣ್ಣ, ನಾತಗಳನ್ನು ಜನ ಬಲ್ಲರು. ಆದರೆ ದೂರು ಅರ್ಜಿಯಾಗಬೇಕಾದರೆ ಒಂದು ಲೀಟರು ನೀರಿನಲ್ಲಿ ಎಷ್ಟು ಆಮ್ಲಜನಕ ಕರಗಿದೆ ಎಂಬ ಅಂಕೆ ಬೇಕು. ಕುಡಿಯುವ ನೀರಿನಲ್ಲಿ ಲೀಟರಿಗೆ ಫ್ಲೋರೈಡು 1 ಮಿಲಿಗ್ರಾಮಿನೊಳಗೆ ಇರಬೇಕು, ಬೇರೆ ನೀರಿಲ್ಲದಿದ್ದರೆ 1.5 ಮಿಲಿಗ್ರಾಮಿನವರೆಗೆ ಸಹಿಸಬಹುದು ಎಂಬುದು ಭಾರತೀಯ ಮಾನಕ. ಕೊಳವೆಬಾವಿಯ ನೀರು ಕುಡಿಯುವ ಹಳ್ಳಿಯಲ್ಲಿ ಈ ಅಂಕೆಯನ್ನು ಓದಬಲ್ಲವರು ನಾಲ್ಕು ಜನವಾದರೂ ಇರಬೇಕು.

ಉಪ್ಪಿನ ಮಾತು ಹೇಳಿ ಮುಗಿಸುತ್ತೇನೆ. ಬ್ಯಾಡಗಿ ತಾಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರಲ್ಲಿ ಗಾಂಧೀಜಿಯವರೊಡನೆ ಸಾಬರಮತಿಯಿಂದ ದಂಡಿಯವರೆಗೆ ನಡೆದರು. ಮಾರ್ಚ್ 12ರಂದು ಹೊರಟ ಯಾತ್ರೆ ಏಪ್ರಿಲ್ 6ರಂದು ಸಮುದ್ರದ ದಂಡೆಯಲ್ಲಿ ಉಪ್ಪು ಎತ್ತುವುದರೊಂದಿಗೆ ಫಲಿಸಿತು. 1943ರ ಏಪ್ರಿಲ್ 1ರಂದು ಅವರು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಅವರ ಹೆಸರನ್ನು ನಮ್ಮ ಮಕ್ಕಳು ಇತಿಹಾಸದ ಪಾಠದಲ್ಲಿ ಓದುತ್ತಾರೆ. ಸೋಡಿಯಂ ಕ್ಲೋರೈಡನ್ನು ರಸಾಯನದ ಪಾಠದಲ್ಲಿ ಓದುತ್ತಾರೆ. ಸಮುದ್ರದ ಒಂದು ಲೀಟರು ನೀರಿನಲ್ಲಿ ಸುಮಾರು 35 ಗ್ರಾಂ ಲವಣಗಳಿರುತ್ತವೆ, ಬಿಸಿಲಿಗೆ ನೀರು ಆರಿದಂತೆ ಉಪ್ಪು ಹರಳುಗಟ್ಟುತ್ತದೆ, ಅದರೊಡನೆ ಉಳಿದ ಮೆಗ್ನೀಸಿಯಂ ಲವಣದಿಂದ ಮಳೆಗಾಲದಲ್ಲಿ ಉಪ್ಪು ನೀರೊಡೆಯುತ್ತದೆ ಎಂಬುದನ್ನು ತಿಳಿದವನಿಗೆ, ಸರಕಾರವೊಂದು ಬಿಸಿಲಿನ ಕೆಲಸಕ್ಕೆ ತೆರಿಗೆ ಹಾಕಿದ್ದು ಎಷ್ಟು ಅನ್ಯಾಯವೆಂಬುದೂ ತಿಳಿಯುತ್ತದೆ. ಎರಡು ಪಾಠಗಳು ಒಂದೇ ಉಪ್ಪಿನವು.

ಆ ಹುಡುಗಿ ಕಾಲೇಜು ಬಿಡಲಿಲ್ಲ. ಪದವಿ ಮುಗಿಸಿ, ಶಿಕ್ಷಕಿಯಾಗಿ, ಈಗ ಒಂದು ಹಳ್ಳಿಯ ಸಾಲೆಯಲ್ಲಿ ವಿಜ್ಞಾನ ಕಲಿಸುತ್ತಾಳೆ. ಈಚೆಗೆ ಅವಳ ತರಗತಿಗೆ ಹೋಗಿದ್ದೆ. ಸುಣ್ಣದ ತಿಳಿನೀರಿಗೆ ಒಬ್ಬ ಹುಡುಗನಿಂದ ಕೊಳವೆಯಲ್ಲಿ ಊದಿಸಿದಳು. ನೀರು ಹಾಲಿನಂತೆ ಬೆಳ್ಳಗಾಯಿತು. ಸ್ವಲ್ಪ ಹೊತ್ತಿಗೆ ಬಿಳುಪು ತಳಕ್ಕೆ ಇಳಿಯಿತು. “ಇದಕ್ಕೇನಂತೀರಿ?” ಎಂದು ಕೇಳಿದಳು. ಮಕ್ಕಳೆಲ್ಲ ಒಟ್ಟಿಗೆ “ಗಸಿ!” ಎಂದರು. ಆಮೇಲೆ ಅವಳು ಹಲಗೆಯ ಮೇಲೆ ಇನ್ನೊಂದು ಹೆಸರನ್ನೂ ಬರೆದಳು.